ತಂಡ ತೂಗುವ ಮೊದಲು ಮಣ್ಣು ಮುಟ್ಟಿ ನೋಡಿ

2024ರ ಅಕ್ಟೋಬರ್ 17ರ ಬೆಳಿಗ್ಗೆ, ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣ, ನ್ಯೂಜಿಲೆಂಡ್ ವಿರುದ್ಧದ ಮೊದಲ ಟೆಸ್ಟ್. ಹಿಂದಿನ ದಿನದ ಆಟ ಪೂರ್ತಿ ಮಳೆಗೆ ಹೋಗಿತ್ತು. ಟಾಸ್ ಗೆದ್ದ ರೋಹಿತ್ ಶರ್ಮಾ ಬ್ಯಾಟಿಂಗ್ ಆರಿಸಿಕೊಂಡರು. 31.2 ಓವರ್ ಮುಗಿಯುವಷ್ಟರಲ್ಲಿ ಭಾರತ 46 ರನ್‌ಗೆ ಆಲೌಟ್. ಐವರು ಖಾತೆಯನ್ನೇ ತೆರೆಯಲಿಲ್ಲ. ಅವರಲ್ಲಿ ನಮ್ಮ ಕೆ.ಎಲ್. ರಾಹುಲ್ ಕೂಡ ಒಬ್ಬರು. ಭಾರತ ತನ್ನ ನೆಲದಲ್ಲಿ ಟೆಸ್ಟ್ ಆಡಲು ಶುರು ಮಾಡಿದಾಗಿನಿಂದ ಇಷ್ಟು ಕಡಿಮೆಗೆ ಕುಸಿದದ್ದೇ ಇಲ್ಲ.

ಅದೇ ಪಂದ್ಯದ ಎರಡನೇ ಇನಿಂಗ್ಸ್‌ನಲ್ಲಿ ಅದೇ ಹನ್ನೊಂದು ಜನ, ಅದೇ ಬೌಲರ್‌ಗಳ ಎದುರು, ಅದೇ 22 ಗಜದ ಮೇಲೆ 462 ರನ್ ಹೊಡೆದರು. ಮೊದಲು ಸೊನ್ನೆಗೆ ಔಟಾಗಿದ್ದ ಸರ್ಫರಾಜ್ ಖಾನ್ ಈಗ 150 ಹೊಡೆದರು. ಹತ್ತು ಪಟ್ಟು ವ್ಯತ್ಯಾಸ! ಎರಡು ದಿನದಲ್ಲಿ ಯಾರ ಪ್ರತಿಭೆಯೂ ಹತ್ತು ಪಟ್ಟು ಬೆಳೆಯುವುದಿಲ್ಲ. ಬದಲಾದದ್ದು ನೆಲ.

ಸರಣಿಗೆ ಮುನ್ನ ಎರಡು ತಂಡಗಳನ್ನು ಅಕ್ಕಪಕ್ಕ ಇಟ್ಟು ತೂಗುವುದು ನಮಗೆಲ್ಲ ಇಷ್ಟದ ಕೆಲಸ. ಆ ಸರಣಿಗೆ ಮುನ್ನ ತಕ್ಕಡಿ ಒಂದೇ ಕಡೆ ವಾಲಿತ್ತು. ಭಾರತ ತವರಿನಲ್ಲಿ ಸತತ 18 ಸರಣಿ ಗೆದ್ದಿತ್ತು, 2012ರ ನಂತರ ಇಲ್ಲಿ ಸರಣಿ ಸೋತಿರಲಿಲ್ಲ. ನ್ಯೂಜಿಲೆಂಡ್ ಆಗಷ್ಟೇ ಶ್ರೀಲಂಕಾದಲ್ಲಿ 2-0 ಅಂತರದಲ್ಲಿ ಸೋತು ಬಂದಿತ್ತು. ಕೇನ್ ವಿಲಿಯಮ್ಸನ್‌ಗೆ ಗಾಯ, ನಾಯಕತ್ವ ಟಾಮ್ ಲೇಥಮ್ ಕೈಗೆ ಹೊಸದಾಗಿ ಬಂದಿತ್ತು. ಅದುವರೆಗೆ ಭಾರತದಲ್ಲಿ ನ್ಯೂಜಿಲೆಂಡ್ ಗೆದ್ದಿದ್ದು ಎರಡೇ ಟೆಸ್ಟ್: 1969ರಲ್ಲಿ ನಾಗಪುರ, 1988ರಲ್ಲಿ ಮುಂಬೈ. ಸರಣಿ ಮುಗಿದಾಗ ಫಲಿತಾಂಶ 3-0. ಗೆದ್ದವರು ಅವರು.

ಅಂಕಿ ಅಂಶ ಸುಳ್ಳು ಹೇಳಿರಲಿಲ್ಲ. ಆದರೆ ಸರಾಸರಿ ಎನ್ನುವುದು ಆಟಗಾರನ ಎತ್ತರ, ತೂಕದ ಹಾಗೆ ಅವನ ಮೈಗಂಟಿದ ಗುಣ ಅಲ್ಲ. ಅದು ಆಟಗಾರ, ಮಣ್ಣು, ಚೆಂಡು ಮೂರೂ ಸೇರಿ ಹುಟ್ಟುವ ಸಂಖ್ಯೆ. ಮಣ್ಣು, ಚೆಂಡು ಬದಲಾದರೆ ಹಳೆಯ ಸರಾಸರಿ ಹೊಸ ಪಂದ್ಯಕ್ಕೆ ಹೊಂದಬೇಕೆಂದೇನೂ ಇಲ್ಲ.

ಆ ಬೆಳಿಗ್ಗೆ ಚಿನ್ನಸ್ವಾಮಿಯಲ್ಲಿ ಆದದ್ದನ್ನೇ ನೋಡಿ. ಹೊದಿಕೆಯ ಕೆಳಗೆ ಬೆವೆತ ಪಿಚ್ ಇನ್ನೂ ಪೂರ್ತಿ ಒಣಗಿರಲಿಲ್ಲ. ಮೇಲ್ಪದರದಲ್ಲಿ ಕೊಂಚ ತೇವ ಇದ್ದರೆ ಚೆಂಡಿನ ಉಬ್ಬಿದ ಹೊಲಿಗೆ ನೆಲಕ್ಕೆ ಕೂದಲೆಳೆಯಷ್ಟು ಕಚ್ಚಿಕೊಂಡು ಪಕ್ಕಕ್ಕೆ ಒದ್ದುಕೊಳ್ಳುತ್ತದೆ. ನೆಲ ಮುಟ್ಟಿದ ಚೆಂಡು ಒಂದೇ ಒಂದು ಡಿಗ್ರಿ ಹೊರಳಿದರೂ 6 ಮೀಟರ್ ದಾಟುವಷ್ಟರಲ್ಲಿ ಸುಮಾರು 10 ಸೆಂಟಿಮೀಟರ್ ಸರಿದಿರುತ್ತದೆ. ಬ್ಯಾಟ್‌ನ ಗರಿಷ್ಠ ಅಗಲ 10.8 ಸೆಂಟಿಮೀಟರ್. ಅಂದರೆ ನಟ್ಟನಡುವೆ ಬಡಿಯಬೇಕಿದ್ದ ಚೆಂಡು ಅಂಚನ್ನು ಸವರಿಕೊಂಡು ಸ್ಲಿಪ್‌ಗೆ ಹೋಗಲು, ಇಲ್ಲವೇ ಬ್ಯಾಟನ್ನು ಪೂರ್ತಿ ತಪ್ಪಿಸಿಕೊಳ್ಳಲು ಒಂದು ಡಿಗ್ರಿಗಿಂತ ಕಡಿಮೆ ಸಾಕು. ಮ್ಯಾಟ್ ಹೆನ್ರಿ 15 ರನ್‌ಗೆ 5, ಎತ್ತರದ ವೇಗಿ ವಿಲಿಯಂ ಓರೂರ್ಕ್ 22 ರನ್‌ಗೆ 4 ವಿಕೆಟ್ ಕಿತ್ತರು.

ನೆಲದ ಜೊತೆ ಗಾಳಿಯೂ ಕೈಜೋಡಿಸುತ್ತದೆ. ಚಿಕ್ಕವರಿದ್ದಾಗ ನಾವು ಟೆನಿಸ್ ಬಾಲಿನ ಅರ್ಧ ಮೈಗೆ ಕರೆಂಟಿನವರ ಇನ್ಸುಲೇಷನ್ ಟೇಪ್ ಸುತ್ತಿ ಎಸೆಯುತ್ತಿದ್ದೆವು. ಎರಡು ಬದಿ ಎರಡು ತರ ಇದ್ದರೆ ಚೆಂಡು ದಾರಿಯಲ್ಲೇ ಬಾಗುತ್ತದೆ ಎಂದು ಯಾರೂ ಹೇಳಿಕೊಡದೆ ಕಲಿತದ್ದು ಹಾಗೆ. ತೊಗಲಿನ ಚೆಂಡಿನಲ್ಲಿ ಆ ಕೆಲಸ ಹೊಲಿಗೆಯದು. ಚೆಂಡಿನ ಮೈ ಸವರಿಕೊಂಡು ತೆಳುವಾದ ಗಾಳಿಯ ಪದರ ಹರಿಯುತ್ತದೆ. ಓರೆಯಾಗಿ ನಿಂತ ಹೊಲಿಗೆ ಒಂದು ಬದಿಯಲ್ಲಿ ಆ ಪದರವನ್ನು ಕದಡುತ್ತದೆ. ಕದಡಿದ ಗಾಳಿ ಚೆಂಡಿಗೆ ಹೆಚ್ಚು ಹೊತ್ತು ಅಂಟಿಕೊಂಡಿದ್ದು ತಡವಾಗಿ ಬಿಡುತ್ತದೆ. ನುಣುಪು ಬದಿಯ ಗಾಳಿ ಬೇಗ ಬಿಡುತ್ತದೆ. ಹಿಂದೆ ಎಳೆದುಕೊಂಡು ಬರುವ ಗಾಳಿಯ ಬಾಲ ಒಂದು ಕಡೆ ವಾಲಿದರೆ ಚೆಂಡು ಇನ್ನೊಂದು ಕಡೆ ಸರಿಯುತ್ತದೆ. ನಾಸಾದ ವಿಜ್ಞಾನಿ ರಬೀಂದ್ರ ಮೆಹ್ತಾ ಇದನ್ನು ಗಾಳಿಸುರಂಗದಲ್ಲಿ ಹೊಗೆ ಹಾಯಿಸಿ ತೋರಿಸಿದ್ದಾರೆ. ಮೋಡ ಕವಿದರೆ ಸ್ವಿಂಗ್ ಜಾಸ್ತಿ ಎಂಬ ಮಾತಿಗೆ ಮಾತ್ರ ಪ್ರಯೋಗಾಲಯದಲ್ಲಿ ಗಟ್ಟಿ ಆಧಾರ ಸಿಕ್ಕಿಲ್ಲ. ತೇವದ ಗಾಳಿ ಒಣಗಾಳಿಗಿಂತ ಹಗುರ, ಭಾರವಲ್ಲ. ಬಿಸಿಲಿಲ್ಲದಾಗ ನೆಲದಿಂದ ಕಾವಿನ ಅಲೆ ಏಳದೆ ಗಾಳಿ ತಣ್ಣಗೆ ನಿಲ್ಲುತ್ತದೆ, ಅದಕ್ಕೇ ಸ್ವಿಂಗ್ ಸಲೀಸು ಎಂಬುದು ಒಂದು ವಿವರಣೆ. ನನಗೆ ಅದು ಒಪ್ಪಿಗೆಯಾಗುತ್ತದೆ.

ಹೊಸ ಚೆಂಡಿನ ಮಹಿಮೆಗೆ ಅದೇ ಪಂದ್ಯದಲ್ಲಿ ಇನ್ನೊಂದು ಸಾಕ್ಷಿ ಇದೆ. ಎರಡನೇ ಇನಿಂಗ್ಸ್‌ನಲ್ಲಿ ಭಾರತ 3 ವಿಕೆಟ್‌ಗೆ 408 ಎಂದು ನಿರಾಳವಾಗಿತ್ತು. ಎರಡನೇ ಹೊಸ ಚೆಂಡು ಕೈಗೆ ಬಂತು. ಉಳಿದ 7 ವಿಕೆಟ್ 54 ರನ್‌ಗೆ ಉದುರಿದವು. 99 ರನ್‌ಗೆ ಬಿದ್ದ ರಿಷಭ್ ಪಂತ್ ಅವರ ಮುಖ ಇನ್ನೂ ಕಣ್ಣ ಮುಂದಿದೆ. ನ್ಯೂಜಿಲೆಂಡ್ ಕಡೆ 134 ಹೊಡೆದ ರಚಿನ್ ರವೀಂದ್ರ ಅವರ ತಂದೆತಾಯಿ ಬೆಂಗಳೂರಿನವರೇ ಎಂಬುದು ನಮ್ಮ ಪಾಲಿಗೆ ಸಿಕ್ಕ ಸಣ್ಣ ಸಮಾಧಾನ.

ಮುಂದಿನ ಪಂದ್ಯಕ್ಕೆ ಪುಣೆಯಲ್ಲಿ ಸಿದ್ಧವಾಗಿದ್ದದ್ದು ಕಪ್ಪು ಮಣ್ಣಿನ, ಸ್ಪಿನ್ನರ್‌ಗಳ ಪಿಚ್. ಎರೆ (ಕಪ್ಪು ಮಣ್ಣು) ಮತ್ತು ಮಸಾರಿಯ (ಕೆಂಪು ಮಣ್ಣು) ವ್ಯತ್ಯಾಸ ನಮ್ಮ ಉತ್ತರ ಕರ್ನಾಟಕದ ರೈತರಿಗೆ ಯಾರೂ ಹೇಳಿಕೊಡಬೇಕಿಲ್ಲ. ಬೇಸಿಗೆಯಲ್ಲಿ ಎರೆ ಹೊಲ ಕಾಲು ಸಿಕ್ಕಿಬೀಳುವಷ್ಟು ಬಾಯಿಬಿಡುತ್ತದೆ, ಮಳೆ ಬಿದ್ದರೆ ಉಬ್ಬಿ ಮುಚ್ಚಿಕೊಳ್ಳುತ್ತದೆ. ಅದರ ಜೇಡಿಯಲ್ಲಿರುವ ಮಾಂಟ್‌ಮೊರಿಲೊನೈಟ್ ಎಂಬ ಖನಿಜದ ಹಾಳೆಗಳ ಸಂದಿಗೆ ನೀರು ನುಗ್ಗಿ ಅವನ್ನು ಹಿಗ್ಗಿಸುವುದೇ ಇದಕ್ಕೆ ಕಾರಣ. ಕೆಂಪು ಮಣ್ಣಿನಲ್ಲಿ ಹೆಚ್ಚಾಗಿರುವ ಕೆಯೊಲಿನೈಟ್‌ನ ಹಾಳೆಗಳು ಬಿಗಿ, ನೀರನ್ನು ಅಷ್ಟು ಒಳಬಿಡುವುದಿಲ್ಲ. ಹಾಗಾಗಿ ಕೆಂಪು ಪಿಚ್‌ನಲ್ಲಿ ಚೆಂಡು ಪುಟಿದೇಳುತ್ತದೆ. ಕಪ್ಪು ಪಿಚ್‌ನಲ್ಲಿ ನಿಧಾನವಾಗಿ, ತಗ್ಗಿ ಬರುತ್ತದೆ.

ಭಾರತದ ಸ್ಪಿನ್ ಬಲಕ್ಕೆ ಇಂಥ ಪಿಚ್ ಹೇಳಿ ಮಾಡಿಸಿದಂತಿದೆ ಎಂದು ಬಹಳ ಜನ ನಂಬಿದ್ದರು. ನನ್ನ ಪ್ರಕಾರ ತಪ್ಪಾದದ್ದು ಅಲ್ಲೇ. ಗಂಟೆಗೆ 90 ಕಿ.ಮೀ. ವೇಗದ ಸ್ಪಿನ್ ಎಸೆತ ಬ್ಯಾಟರ್‌ನಿಂದ ಮೂರು ಮೀಟರ್ ದೂರದಲ್ಲಿ ನೆಲ ಮುಟ್ಟಿದರೆ, ಅವನನ್ನು ತಲುಪಲು ಸುಮಾರು 0.15 ಸೆಕೆಂಡ್ ಸಾಕು. ಕಣ್ಣು ಕಂಡದ್ದು ಮಿದುಳಿಗೆ ಹೋಗಿ ಕೈ ಅಲುಗಲು ಹೆಚ್ಚುಕಡಿಮೆ 0.2 ಸೆಕೆಂಡ್ ಬೇಕು. ಎಷ್ಟೇ ದೊಡ್ಡ ಬ್ಯಾಟರ್ ಆದರೂ ಚೆಂಡು ತಿರುಗಿದ್ದನ್ನು ನೋಡಿ ಆಡುವುದಿಲ್ಲ. ಹೀಗೆ ತಿರುಗೀತು ಎಂದು ಮೊದಲೇ ಊಹಿಸಿ ಆಡುತ್ತಾನೆ. ವರ್ಷಗಟ್ಟಲೆ ನೆಟ್ಸ್‌ನಲ್ಲಿ ಬೆವರು ಸುರಿಸಿ ಗಳಿಸುವುದು ಆ ಊಹೆಯ ಶಕ್ತಿಯನ್ನೇ. ಆದರೆ ಪುಡಿಯಾಗುವ ಪಿಚ್‌ನಲ್ಲಿ ಒಂದೇ ತರ ಬಿಟ್ಟ ಎರಡು ಎಸೆತಗಳಲ್ಲಿ ಒಂದು ಹೊಲಿಗೆಯ ಮೇಲೆ ಬಿದ್ದು ಹಿಡಿದುಕೊಂಡು ತಿರುಗುತ್ತದೆ, ಇನ್ನೊಂದು ನುಣುಪು ತೊಗಲಿನ ಮೇಲೆ ಬಿದ್ದು ಜಾರಿ ನೇರ ನುಗ್ಗುತ್ತದೆ. ಯಾವುದು ಹೇಗೆ ಎಂದು ಬೌಲರ್‌ಗೇ ಗೊತ್ತಿರುವುದಿಲ್ಲ. ಆಗ ಊಹೆ ನೆಲಕಚ್ಚುತ್ತದೆ. ಶ್ರೇಷ್ಠ ಬ್ಯಾಟರ್‌ಗೂ ಸಾಧಾರಣ ಬ್ಯಾಟರ್‌ಗೂ, ಅಶ್ವಿನ್‌ಗೂ ಎದುರಾಳಿಯ ಎರಡನೇ ದರ್ಜೆಯ ಸ್ಪಿನ್ನರ್‌ಗೂ ನಡುವಿನ ಅಂತರ ಕಿರಿದಾಗುತ್ತದೆ.

ನ್ಯೂಜಿಲೆಂಡ್‌ನ ಸ್ಪಿನ್ನರ್ ಮಿಚೆಲ್ ಸ್ಯಾಂಟ್ನರ್ ಪುಣೆಗೆ ಬರುವ ಹೊತ್ತಿಗೆ ಟೆಸ್ಟ್‌ನಲ್ಲಿ ಒಂದೊಂದು ವಿಕೆಟ್‌ಗೆ 40ಕ್ಕೂ ಹೆಚ್ಚು ರನ್ ಕೊಟ್ಟಿದ್ದರು, ಇನಿಂಗ್ಸ್ ಒಂದರಲ್ಲಿ ಒಮ್ಮೆಯೂ ಐದು ವಿಕೆಟ್ ಪಡೆದಿರಲಿಲ್ಲ. ಪುಣೆಯಲ್ಲಿ 7 ಮತ್ತು 6, ಒಟ್ಟು 13 ವಿಕೆಟ್ ಪಡೆದರು. ವಿರಾಟ್ ಕೊಹ್ಲಿ ತಗ್ಗಿನ ಫುಲ್‌ಟಾಸ್ ಒಂದಕ್ಕೆ ಬೌಲ್ಡ್ ಆದರು. ನೆಲವನ್ನೇ ಮುಟ್ಟದ ಚೆಂಡಿಗೂ ಬ್ಯಾಟರ್ ತಪ್ಪುವಷ್ಟು ಅನುಮಾನವನ್ನು ಆ ಪಿಚ್ ತಲೆಗೆ ತುಂಬಿತ್ತು.

ಇದು ಹೊಸದೂ ಅಲ್ಲ. ಅದೇ ಪುಣೆಯಲ್ಲಿ 2017ರಲ್ಲಿ ಆಸ್ಟ್ರೇಲಿಯಾದ ಸ್ಟೀವ್ ಓಕೀಫ್ 70 ರನ್‌ಗೆ 12 ವಿಕೆಟ್ ಪಡೆದು ಭಾರತವನ್ನು 105, 107ಕ್ಕೆ ಉರುಳಿಸಿದ್ದರು. 2023ರಲ್ಲಿ ಇಂದೋರ್‌ನ ಪಿಚ್ ಮೊದಲ ಗಂಟೆಯಿಂದಲೇ ತಿರುಗಿತು. ತಮ್ಮ ಎರಡನೇ ಟೆಸ್ಟ್ ಆಡುತ್ತಿದ್ದ ಆಸ್ಟ್ರೇಲಿಯಾದ ಸ್ಪಿನ್ನರ್ ಮ್ಯಾಥ್ಯೂ ಕುನಮನ್ 16 ರನ್‌ಗೆ 5 ವಿಕೆಟ್ ಪಡೆದರು. 2013ರಿಂದ ಈ ಸರಣಿಯವರೆಗೆ ಭಾರತ ತವರಿನಲ್ಲಿ ಸೋತದ್ದೇ ನಾಲ್ಕು ಟೆಸ್ಟ್, ಅವುಗಳಲ್ಲಿ ಎರಡು ಇವು.

ಲೆಕ್ಕ ಹಾಕಿದರೂ ಇದೇ ಸಿಗುತ್ತದೆ. ಡ್ರಾ ಬಿಟ್ಟು ಎಣಿಸೋಣ. ಪ್ರತಿ ಪಂದ್ಯ ಗೆಲ್ಲುವ ಸಾಧ್ಯತೆ 80% ಇರುವ ತಂಡ ಮೂರಕ್ಕೆ ಮೂರೂ ಸೋಲುವ ಸಾಧ್ಯತೆ 0.8%, ನೂರು ಸರಣಿಗೆ ಒಂದೂ ಇಲ್ಲ. ಪಿಚ್ ಅಂತರವನ್ನು ಕಿರಿದು ಮಾಡಿ ಅದನ್ನು 60%ಗೆ ಇಳಿಸಿದರೆ 6.4%. 50% ಆದರೆ 12.5%, ಎಂಟಕ್ಕೆ ಒಂದು. ಬಲಿಷ್ಠ ತಂಡಕ್ಕೆ ಬೇಕಾದದ್ದು ಆಟ ಐದು ದಿನ ಬೆಳೆಯುವ ಪಿಚ್. ಎಸೆತಗಳು ಹೆಚ್ಚಿದಷ್ಟೂ ಅದೃಷ್ಟದ ಏರಿಳಿತ ಸಮವಾಗಿ ಪ್ರತಿಭೆ ಮೇಲೆ ಬರುತ್ತದೆ. ಮೂರು ದಿನಕ್ಕೆ ಮುಗಿಯುವ ಪಂದ್ಯದಲ್ಲಿ ಟಾಸ್‌ಗೇ ಅರ್ಧ ಬೆಲೆ. ಪುಣೆ, ಮುಂಬೈ ಎರಡೂ ಕಡೆ ಟಾಸ್ ಗೆದ್ದು ಮೊದಲು ಬ್ಯಾಟ್ ಮಾಡಿದ್ದು ನ್ಯೂಜಿಲೆಂಡ್. ಎರಡೂ ಪಂದ್ಯ ಮೂರೇ ದಿನಕ್ಕೆ ಮುಗಿದವು.

ಮುಂಬೈನಲ್ಲಿ ಭಾರತಕ್ಕೆ ಬೇಕಿದ್ದದ್ದು 147. 29ಕ್ಕೆ 5 ವಿಕೆಟ್ ಹೋದ ಮೇಲೂ ಪಂತ್ 64 ಹೊಡೆದು ಆಸೆ ಚಿಗುರಿಸಿದರು. 121ಕ್ಕೆ ಎಲ್ಲ ಮುಗಿಯಿತು. ಎರಡು ಇನಿಂಗ್ಸ್‌ನಿಂದ 11 ವಿಕೆಟ್ ಕಿತ್ತವರು ಎಜಾಜ್ ಪಟೇಲ್, ಇದೇ ಮುಂಬೈನಲ್ಲಿ ಹುಟ್ಟಿ ಎಂಟನೇ ವಯಸ್ಸಿನಲ್ಲಿ ನ್ಯೂಜಿಲೆಂಡ್‌ಗೆ ಹೋದವರು. 2021ರಲ್ಲಿ ಇದೇ ವಾಂಖೆಡೆಯಲ್ಲಿ ಒಂದೇ ಇನಿಂಗ್ಸ್‌ನ ಹತ್ತೂ ವಿಕೆಟ್ ಪಡೆದಿದ್ದರು, ಆ ಪಂದ್ಯದಲ್ಲಿ ಒಟ್ಟು 14. ಇಲ್ಲಿನ ಕೆಂಪು ಮಣ್ಣಿನಲ್ಲಿ ಎರಡೇ ಟೆಸ್ಟ್‌ಗೆ 25 ವಿಕೆಟ್. ಅಂದಿನವರೆಗೆ ನ್ಯೂಜಿಲೆಂಡ್‌ನ ಹಸಿರು ಪಿಚ್‌ಗಳಲ್ಲಿ ಅವರು ಪಡೆದ ಟೆಸ್ಟ್ ವಿಕೆಟ್: ಸೊನ್ನೆ.