ಮಾರ್ಮನ್ ಚರ್ಚಿನಲ್ಲಿ ಪ್ರಶ್ನೆ ಕೇಳಿದರೆ ಹೊರಗೆ ಹಾಕುತ್ತಾರೆಯೇ?

ಪ್ರಶ್ನೆ: ಸ್ಥಾಪಕ ಜೋಸೆಫ್ ಸ್ಮಿತ್‌ನ ಬಹುಪತ್ನಿತ್ವ, ಕಪ್ಪುವರ್ಣೀಯರಿಗೆ ಪೌರೋಹಿತ್ಯ (ಅರ್ಹ ಗಂಡಸು ಸದಸ್ಯರಿಗೆಲ್ಲ ಸಿಗುವ ಧಾರ್ಮಿಕ ಅಧಿಕಾರ) ಕೊಡದೆ ಇದ್ದದ್ದು, ಇಂಥವನ್ನು ಸದಸ್ಯರೇ ಕೆದಕಿ ಕೇಳಿದರೆ ಅಮೆರಿಕದಲ್ಲಿ ಹುಟ್ಟಿದ ಈ ಮಾರ್ಮನ್ ಚರ್ಚ್ ಏನು ಮಾಡುತ್ತದೆ?

ಉತ್ತರ: ಕೇಳಿದ್ದಕ್ಕೆ ಹೊರಗೆ ಹಾಕಬೇಕೆಂಬ ನಿಯಮವಿಲ್ಲ. ಯಾರ ಮುಂದೆ ಕೇಳಿದಿರಿ, ಉತ್ತರ ಒಪ್ಪಿಗೆಯಾಗದಿದ್ದಾಗ ಏನು ಮಾಡಿದಿರಿ ಎಂಬುದರ ಮೇಲೆ ಮುಂದಿನದೆಲ್ಲ ನಿಂತಿದೆ.

ಬರಹದಲ್ಲಿ ಸಿಗುವ ಉತ್ತರ ಈಗ ಮೊದಲಿಗಿಂತ ನೇರ. 2013ರ ಕೊನೆಯಿಂದ 2015ರವರೆಗೆ ಚರ್ಚ್ ಇಂಥ ವಿಷಯಗಳ ಮೇಲೆ 13 ಪ್ರಬಂಧಗಳನ್ನು ಪ್ರಕಟಿಸಿತು. ಒಂದರಲ್ಲೂ ಲೇಖಕರ ಹೆಸರಿಲ್ಲ. ಒಪ್ಪಿಗೆ ಮಾತ್ರ ಅತ್ಯುನ್ನತ ನಾಯಕರದ್ದು. ಬಹುಪತ್ನಿತ್ವದ ಪ್ರಬಂಧವನ್ನೇ ನೋಡಿ. ಸ್ಮಿತ್‌ನ ಪತ್ನಿಯರು 30ರಿಂದ 40 ಎಂಬ ಅಂದಾಜು ಅದರಲ್ಲಿದೆ, ಆದರೆ ಅಡಿಟಿಪ್ಪಣಿಯಲ್ಲಿ. ಅತಿ ಕಿರಿಯವಳಾದ ಹೆಲೆನ್ ಮಾರ್ ಕಿಂಬಲ್‌ಗೆ ಆಗ 14 ವರ್ಷ. ಪ್ರಬಂಧ ಅದನ್ನು ಹೇಳುವುದು '15 ತುಂಬಲು ಕೆಲವು ತಿಂಗಳಿದ್ದಾಗ' ಎಂಬ ಧಾಟಿಯಲ್ಲಿ. ಸುಳ್ಳಲ್ಲ, ಆದರೆ ಪೆಟ್ಟು ತಗ್ಗಿಸುವ ಜಾಣತನವಂತೂ ಹೌದು. ಪೌರೋಹಿತ್ಯದ ನಿಷೇಧ 1978ರಲ್ಲಿ ತೆರವಾಯಿತು. ಅದಕ್ಕೆ ಹಿಂದೆ ಕೊಡುತ್ತಿದ್ದ 'ಕಪ್ಪು ಬಣ್ಣ ಶಾಪದ ಗುರುತು' ಎಂಬಂಥ ವಿವರಣೆಗಳನ್ನು ಪ್ರಬಂಧ ತಳ್ಳಿಹಾಕುತ್ತದೆ. ನಿಷೇಧವೇ ತಪ್ಪಾಗಿತ್ತು ಎಂದು ಮಾತ್ರ ಬಾಯಿಬಿಟ್ಟು ಹೇಳುವುದಿಲ್ಲ.

ತೊಡಕಿರುವುದು ಸ್ಥಳೀಯ ಮಟ್ಟದಲ್ಲಿ. ಮೇಲಿನ ನಾಯಕರಿಗೆ ಪತ್ರ ಬರೆದರೆ ಅದು ಸಾಮಾನ್ಯವಾಗಿ ನಿಮ್ಮೂರಿನ ನಾಯಕರ ಕೈಗೇ ವಾಪಸು ಬರುತ್ತದೆ. ಬಿಷಪ್ ಎಂದರೆ ಇಲ್ಲಿ ಸಂಬಳದ ಪಾದ್ರಿಯಲ್ಲ. ವಾರವೆಲ್ಲ ಬೇರೆ ಕೆಲಸ ಮಾಡಿ, ಉಳಿದ ವೇಳೆಯಲ್ಲಿ ಸಭೆ ನಡೆಸುವ ಗೃಹಸ್ಥ. ಆ ಪ್ರಬಂಧಗಳನ್ನು ಅವರು ಓದಿಯೇ ಇಲ್ಲದಿರಬಹುದು. ಆಗ ಸಿಗುವುದು 'ಪ್ರಾರ್ಥಿಸಿ, ಗ್ರಂಥ ಓದಿ' ಎಂಬ ಮಾತು. 'ಅದನ್ನೆಲ್ಲ ತಲೆಗೆ ಹಚ್ಚಿಕೊಳ್ಳಬೇಡಿ' ಎನ್ನುವ ಕಾಲ ಮುಗಿಯಿತೆಂದು ಹಿರಿಯ ನಾಯಕ ಎಂ. ರಸೆಲ್ ಬಲ್ಲಾರ್ಡ್ 2016ರಲ್ಲಿ ಧರ್ಮಶಿಕ್ಷಕರಿಗೆ ಹೇಳಬೇಕಾಗಿ ಬಂದದ್ದು ಈ ಕಾರಣಕ್ಕೇ.

ಶಿಸ್ತುಕ್ರಮ ಶುರುವಾಗುವುದು ಬೇರೆ ಕಡೆ. ಚರ್ಚನ್ನೋ ನಾಯಕರನ್ನೋ ಬಹಿರಂಗವಾಗಿ ಪದೇ ಪದೇ ವಿರೋಧಿಸುವುದು, ತಿದ್ದಿದ ಮೇಲೂ ಅದೇ ಬೋಧನೆ ಮುಂದುವರಿಸುವುದು ಚರ್ಚಿನ ಕೈಪಿಡಿಯ ಪ್ರಕಾರ ಧರ್ಮಭ್ರಷ್ಟತೆ. ಆಗ ಸದಸ್ಯತ್ವ ಮಂಡಳಿ ಕೂರುತ್ತದೆ. ಅದು ಏನೂ ಮಾಡದೆ ಬಿಡಬಹುದು, ಕೆಲವು ಹಕ್ಕುಗಳಿಗೆ ತಡೆ ಹಾಕಬಹುದು, ಸದಸ್ಯತ್ವವನ್ನೇ ಹಿಂದೆಗೆದುಕೊಳ್ಳಬಹುದು. ಮಹಿಳೆಯರಿಗೂ ಪೌರೋಹಿತ್ಯ ಕೊಡಿ ಎಂದು ಚಳವಳಿ ಕಟ್ಟಿದ ಕೇಟ್ ಕೆಲ್ಲಿ 2014ರಲ್ಲಿ ಬಹಿಷ್ಕೃತರಾದರು. ಅದೇ ಆಸೆಯನ್ನು ಬಿಷಪ್ ಎದುರು ಮಾತ್ರ ತೋಡಿಕೊಂಡವರಿಗೆ ಹಾಗಾಗುವುದು ಅಪರೂಪ.

ಹೆಚ್ಚಿನವರನ್ನು ಕಟ್ಟಿಹಾಕುವುದು ಬಹಿಷ್ಕಾರದ ಭಯಕ್ಕಿಂತ ದೇವಾಲಯ ಪ್ರವೇಶದ ಪರವಾನಗಿ. ದೇವಾಲಯವೆಂದರೆ ಇಲ್ಲಿ ವಾರದ ಸಭೆಯ ಚರ್ಚಲ್ಲ, ವಿಶೇಷ ವಿಧಿಗಳು ನಡೆಯುವ ಬೇರೆಯೇ ಕಟ್ಟಡ. ಎರಡು ವರ್ಷಕ್ಕೊಮ್ಮೆ ಬಿಷಪ್ ಕಡೆಯವರೊಬ್ಬರು, ಬಳಿಕ ಮೇಲಿನ ಹಂತದವರೊಬ್ಬರು ಅವವೇ ಪ್ರಶ್ನೆ ಕೇಳುತ್ತಾರೆ. ಚರ್ಚಿನ ಈಗಿನ ಅಧ್ಯಕ್ಷರನ್ನು ಪ್ರವಾದಿಯೆಂದು ಒಪ್ಪುತ್ತೀರಾ ಎಂಬುದೂ ಅವುಗಳಲ್ಲೊಂದು. 'ಇಲ್ಲ' ಎಂದರೆ ಪರವಾನಗಿ ಸಿಗುವುದು ಕಷ್ಟ. ಅದಿಲ್ಲದಿದ್ದರೆ, ದೇವಾಲಯದೊಳಗೆ ನಡೆಯುವ ಸ್ವಂತ ಮಗಳ ಮದುವೆಗೂ ಹೊರಗೇ ಕಾಯಬೇಕು.