ಬ್ಲೂಟೂತ್ ಜಿಪಿಎಸ್‌ನಿಂದ ಕಂಪ್ಯೂಟರಿನ ಸಮಯ ಸರಿಯಾಗುತ್ತದೆಯೇ?

ಪ್ರಶ್ನೆ: ಗೌರಿಬಿದನೂರು ತಾಲ್ಲೂಕಿನ ನಮ್ಮ ಹಾಲು ಉತ್ಪಾದಕರ ಸಂಘದಲ್ಲಿ ಇಂಟರ್ನೆಟ್ ಆಗಾಗ ಕಡಿತವಾಗುತ್ತದೆ, ಕಂಪ್ಯೂಟರುಗಳು ಒಂದೊಂದು ಒಂದೊಂದು ಸಮಯ ತೋರಿಸುತ್ತವೆ. ಬ್ಲೂಟೂತ್ ಜಿಪಿಎಸ್ ರಿಸೀವರ್ ಇಟ್ಟರೆ ಸರಿಹೋಗುತ್ತದೆಯೇ?

ಉತ್ತರ: ಸರಿಹೋಗುತ್ತದೆ. ಹಾಲು ಅಳೆದ ಹೊತ್ತನ್ನು ಚೀಟಿಯಲ್ಲಿ ಮುದ್ರಿಸುವಂತಹ ಕೆಲಸಕ್ಕೆ ಅದು ಧಾರಾಳವಾಗಿ ಸಾಕು. ಮಿಲಿಸೆಕೆಂಡಿನ ನಿಖರತೆ ಬೇಕಾದಾಗ ಮಾತ್ರ ಸಾಲದು. ಅದಕ್ಕೆ ಕಾರಣ ಉಪಗ್ರಹದಲ್ಲಿಲ್ಲ, ರಿಸೀವರಿನಿಂದ ಕಂಪ್ಯೂಟರಿನವರೆಗಿನ ಕೆಲವೇ ಅಡಿಗಳ ದಾರಿಯಲ್ಲಿದೆ.

ಸುಮಾರು 20,200 ಕಿಲೋಮೀಟರ್ ಎತ್ತರದಲ್ಲಿ ಸುತ್ತುವ ಜಿಪಿಎಸ್ ಉಪಗ್ರಹಗಳಲ್ಲಿ ಪರಮಾಣು ಗಡಿಯಾರಗಳಿವೆ. ನಾಲ್ಕು ಉಪಗ್ರಹಗಳ ಸಂಕೇತ ಸಿಕ್ಕರೆ ರಿಸೀವರ್ ತನ್ನ ಸ್ಥಾನವನ್ನೂ ಸಮಯವನ್ನೂ ಒಟ್ಟಿಗೆ ಲೆಕ್ಕಹಾಕುತ್ತದೆ, ಮತ್ತು ಆ ಸಮಯ ಸೆಕೆಂಡಿನ ಹತ್ತು ಲಕ್ಷದ ಒಂದು ಪಾಲಿಗಿಂತಲೂ ಸೂಕ್ಷ್ಮವಾಗಿರಬಲ್ಲದು. ಆದರೆ ಅದನ್ನು ಕಂಪ್ಯೂಟರಿಗೆ ತಿಳಿಸುವುದು ಅಕ್ಷರಗಳ ಸಾಲುಗಳ ಮೂಲಕ. 9600 ಬಾಡ್ ವೇಗದಲ್ಲಿ ಸೆಕೆಂಡಿಗೆ ಸುಮಾರು 960 ಅಕ್ಷರಗಳಷ್ಟೇ ಸಾಗುವುದರಿಂದ, 80 ಅಕ್ಷರಗಳ ಒಂದು ಸಾಲು ಮುಗಿಯುವಷ್ಟರಲ್ಲಿಯೇ 80ಕ್ಕೂ ಹೆಚ್ಚು ಮಿಲಿಸೆಕೆಂಡ್ ಕಳೆದಿರುತ್ತದೆ. ಈ ವಿಳಂಬ ಸದಾ ಒಂದೇ ಆಗಿದ್ದರೆ ಅದನ್ನು ತಂತ್ರಾಂಶದಲ್ಲಿ ನಮೂದಿಸಿ ಕಳೆದುಬಿಡಬಹುದಿತ್ತು. ಬ್ಲೂಟೂತ್ ಮಾಹಿತಿಯನ್ನು ತುಣುಕುಗಳಾಗಿ ಕಟ್ಟಿ, ತಲುಪದ ತುಣುಕನ್ನು ಮತ್ತೆ ಕಳಿಸುವುದರಿಂದ ವಿಳಂಬ ಪ್ರತಿ ಸಲವೂ ಬದಲಾಗುತ್ತದೆ. ನಿಜವಾದ ತೊಡಕು ಇದೇ.

ನಿಖರತೆ ಬೇಕಾದವರು ಪ್ರತಿ ಸೆಕೆಂಡಿನ ಆರಂಭಕ್ಕೆ ಒಂದು ಮಿಡಿತ ಕೊಡುವ, ಪಿಪಿಎಸ್ ಎಂಬ ತಂತಿಯುಳ್ಳ ರಿಸೀವರನ್ನೇ ಕೊಳ್ಳಬೇಕು. ತಂತಿಯನ್ನು ಕಂಪ್ಯೂಟರಿನ ಸೀರಿಯಲ್ ಪೋರ್ಟಿಗೋ ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರಿಗೋ ಜೋಡಿಸಿದರೆ, ಇದು ಯಾವ ಸೆಕೆಂಡು ಎಂಬುದನ್ನು ಅಕ್ಷರಗಳ ಸಾಲಿನಿಂದಲೂ, ಅದು ಸರಿಯಾಗಿ ಯಾವ ಕ್ಷಣಕ್ಕೆ ಶುರುವಾಯಿತೆಂಬುದನ್ನು ಮಿಡಿತದಿಂದಲೂ ತಿಳಿದು ಕ್ರೋನಿಯಂತಹ ತಂತ್ರಾಂಶ ಗಡಿಯಾರವನ್ನು ಮೈಕ್ರೋಸೆಕೆಂಡುಗಳ ಮಟ್ಟಕ್ಕೆ ತರುತ್ತದೆ. ನಿಮ್ಮ ಗೌರಿಬಿದನೂರಿನಲ್ಲಿಯೇ ಭಾಭಾ ಪರಮಾಣು ಸಂಶೋಧನಾ ಕೇಂದ್ರದ ಭೂಕಂಪ ಮಾಪಕಗಳ ಜಾಲವಿದೆ. ಅಲೆಯೊಂದು ಬೇರೆ ಬೇರೆ ಮಾಪಕಗಳನ್ನು ಮುಟ್ಟಿದ ಹೊತ್ತಿನ ಅಂತರದಿಂದಲೇ ಅದು ಬಂದ ದಿಕ್ಕನ್ನು ಕಂಡುಹಿಡಿಯುವ ಅಂತಹ ಕೆಲಸದಲ್ಲಿ, ಸೆಕೆಂಡಿಗೆ ಸುಮಾರು 6 ಕಿಲೋಮೀಟರ್ ಸಾಗುವ ಅಲೆಗೆ 10 ಮಿಲಿಸೆಕೆಂಡಿನ ತಪ್ಪೆಂದರೆ 60 ಮೀಟರಿನ ತಪ್ಪು.

ಪ್ರತಿ ಕಂಪ್ಯೂಟರಿಗೂ ರಿಸೀವರ್ ಬೇಕಿಲ್ಲ. ಒಂದಕ್ಕೆ ಜೋಡಿಸಿ, ಉಳಿದವು ಕಚೇರಿಯ ಒಳಜಾಲದಲ್ಲಿ ಎನ್‌ಟಿಪಿ (ಜಾಲದ ಮೂಲಕ ಗಡಿಯಾರ ಹೊಂದಿಸುವ ವಿಧಾನ) ಮೂಲಕ ಅದರಿಂದಲೇ ಸಮಯ ಪಡೆಯುವಂತೆ ಮಾಡಿ. ಇದಕ್ಕೆ ಇಂಟರ್ನೆಟ್ ಬೇಡ. ಕಾಂಕ್ರೀಟ್ ಛಾವಣಿಯ ಕೆಳಗೆ ಸಂಕೇತ ಕುಂದುವುದರಿಂದ ರಿಸೀವರನ್ನು ಆಕಾಶ ಕಾಣುವ ಕಿಟಕಿಯಲ್ಲಿಡಬೇಕು. ಅಗ್ಗವೆಂದು ತೀರಾ ಹಳೆಯದನ್ನು ಕೊಳ್ಳಬೇಡಿ. ಜಿಪಿಎಸ್‌ನ ಮೂಲ ಸಂಕೇತದಲ್ಲಿ ವಾರಗಳ ಎಣಿಕೆ 1024ಕ್ಕೆ ಮುಗಿದು ಮತ್ತೆ ಸೊನ್ನೆಯಿಂದ ಶುರುವಾಗುತ್ತದೆ. ಕಳೆದ ಸಲ 2019ರ ಏಪ್ರಿಲ್‌ನಲ್ಲಿ ಹಾಗಾದಾಗ ಕೆಲವು ಹಳೆಯ ರಿಸೀವರುಗಳು ಸುಮಾರು 20 ವರ್ಷ ಹಿಂದಿನ ದಿನಾಂಕ ತೋರಿಸತೊಡಗಿದವು.

ವಿದ್ಯುತ್ ಹೋಗಿ ಬಂದಾಗಲೆಲ್ಲ ದಿನಾಂಕವೇ ಹಿಂದಕ್ಕೆ ಹೋಗುತ್ತಿದ್ದರೆ ದೋಷ ಮದರ್‌ಬೋರ್ಡಿನ ಬಿಲ್ಲೆ ಬ್ಯಾಟರಿಯದ್ದು. ರಿಸೀವರಿಗೆ ಹಣ ಕೊಡುವ ಮೊದಲು ಅದನ್ನು ಬದಲಿಸಿ ನೋಡಿ.