ಕೆಂಪು, ಹಳದಿ, ನೀಲಿ: ಆ ಪುಟ್ಟ ದೀಪಗಳು ಏನು ಹೇಳುತ್ತವೆ?

ಟಿವಿ ಆಫ್ ಮಾಡಿದ ಮೇಲೂ ಉರಿಯುವ ಕೆಂಪು ಚುಕ್ಕೆಯೇ ಕರೆಂಟು ತಿನ್ನುತ್ತದೆ ಎಂದು ನಂಬಿದವರು ಬಹಳ ಮಂದಿ. ಕೆಲವರು ಅದರ ಮೇಲೆ ಟೇಪು ಅಂಟಿಸುತ್ತಾರೆ. ಲೆಕ್ಕ ಹಾಕಿ ನೋಡಿ. ಆ ಚುಕ್ಕೆ ಒಂದು ಎಲ್‌ಇಡಿ. ಅದಕ್ಕೆ 2 ವೋಲ್ಟು, 10 ಮಿಲಿಆಂಪಿಯರ್ ಅಂದರೆ 0.02 ವ್ಯಾಟ್. ವರ್ಷವಿಡೀ ಹಗಲೂ ರಾತ್ರಿ ಉರಿದರೂ ಒಂದು ಯೂನಿಟ್ಟಿನ ಐದನೇ ಒಂದು ಭಾಗ ಆಗುವುದಿಲ್ಲ. ಕರೆಂಟು ಹೋಗುವುದು ಒಳಗಿನ ಪವರ್ ಸಪ್ಲೈಗೆ ಮತ್ತು ರಿಮೋಟಿನ ಸೂಚನೆಗಾಗಿ ಎಚ್ಚರವಾಗಿ ಕೂತಿರುವ ಸರ್ಕ್ಯೂಟಿಗೆ.

ಇನ್ನೊಂದು ತಪ್ಪು ನಂಬಿಕೆ ಬಣ್ಣದ್ದು. ಕೆಂಪು ಎಲ್‌ಇಡಿಗೆ ಕೆಂಪು ಪ್ಲಾಸ್ಟಿಕ್ಕಿನಿಂದಲೇ ಬಣ್ಣ ಬಂತು ಅನ್ನುವುದು. ನೀರಿನಷ್ಟು ತಿಳಿಯಾದ ಪ್ಲಾಸ್ಟಿಕ್ಕಿನ ಎಲ್‌ಇಡಿಯೂ ಅಚ್ಚ ಕೆಂಪಾಗಿ ಉರಿಯುತ್ತದೆ, ಅಲ್ವಾ? ಬಣ್ಣ ಹುಟ್ಟುವುದು ಒಳಗಿನ ಹರಳಿನಲ್ಲಿ. ಅಲ್ಲಿ ಎಲೆಕ್ಟ್ರಾನು ಮೇಲಿನ ಶಕ್ತಿಮಟ್ಟದಿಂದ ಕೆಳಗಿನ ಮಟ್ಟಕ್ಕೆ ಬೀಳುತ್ತದೆ. ಬಿದ್ದಾಗ ಕಳೆದುಕೊಂಡ ಶಕ್ತಿಯೇ ಬೆಳಕು. ಮರ ಎತ್ತರವಾದಷ್ಟೂ ತೆಂಗಿನಕಾಯಿ ಬಿದ್ದ ಪೆಟ್ಟು ಜೋರು. ಹಾಗೆಯೇ ಮಟ್ಟಗಳ ನಡುವಿನ ಅಂತರ ಹೆಚ್ಚಾದಷ್ಟೂ ಬೆಳಕು ಕೆಂಪಿನಿಂದ ನೀಲಿಯ ಕಡೆಗೆ ಸರಿಯುತ್ತದೆ.

ನನಗೆ ಎಲ್ಲಕ್ಕಿಂತ ಖುಷಿ ಕೊಡುವುದು ಈ ಅಂತರವನ್ನು ನಾವೇ ಬೇಕಾದ ಹಾಗೆ ಮಾಡಿಕೊಳ್ಳಬಹುದು ಎಂಬ ಸಂಗತಿ. ಗ್ಯಾಲಿಯಂ ಆರ್ಸೆನೈಡ್ ಹರಳಿನಲ್ಲಿ ಅಂತರ ಸುಮಾರು 1.4 ಎಲೆಕ್ಟ್ರಾನ್‌ವೋಲ್ಟ್ (ಒಂದು ವೋಲ್ಟು ಒಂದು ಎಲೆಕ್ಟ್ರಾನಿಗೆ ಕೊಡುವಷ್ಟು ಶಕ್ತಿಯೇ ಒಂದು ಎಲೆಕ್ಟ್ರಾನ್‌ವೋಲ್ಟ್). ಅದರ ಬೆಳಕು ಕಣ್ಣಿಗೆ ಕಾಣದ ಇನ್‌ಫ್ರಾರೆಡ್. ಅದಕ್ಕೆ ತಕ್ಕಷ್ಟು ರಂಜಕ (ಫಾಸ್ಫರಸ್) ಬೆರೆಸಿದರೆ ಅಂತರ 1.9ರ ಹತ್ತಿರ ಬಂದು ಕೆಂಪು ಕಾಣಿಸುತ್ತದೆ. ಇನ್ನಷ್ಟು ಬೆರೆಸಿದರೆ ಹಳದಿ. ನೀಲಿಗೆ ಸುಮಾರು 2.7 ಬೇಕು. ಇದರ ಪರೀಕ್ಷೆ ಮನೆಯಲ್ಲೇ ಮಾಡಬಹುದು. 1.5 ವೋಲ್ಟಿನ ಒಂದೇ ಸೆಲ್ಲಿಗೆ ಕೆಂಪು ಎಲ್‌ಇಡಿ ಹೊತ್ತುವುದಿಲ್ಲ. ಎರಡು ಸೆಲ್ ಸಾಲಾಗಿ ಜೋಡಿಸಿ, ನಡುವೆ 100 ಓಮ್ ರೆಸಿಸ್ಟರ್ ಇಟ್ಟರೆ ಚೆನ್ನಾಗಿ ಉರಿಯುತ್ತದೆ. ಅದೇ ಜಾಗದಲ್ಲಿ ನೀಲಿಯದನ್ನು ಇಟ್ಟರೆ ತುಂಬ ಮಂಕು.

ಈ ಬೆಳಕನ್ನು ಮೊದಲು ಬರೆದಿಟ್ಟವರು ಮಾರ್ಕೋನಿಯ ಜೊತೆ ಕೆಲಸ ಮಾಡುತ್ತಿದ್ದ ಎಚ್. ಜೆ. ರೌಂಡ್, 1907ರಲ್ಲಿ. ಸಾಣೆಕಲ್ಲಿಗೆ ಬಳಸುವ ಕಾರ್ಬೊರಂಡಮ್ ಹರಳಿಗೆ ಕರೆಂಟು ಕೊಟ್ಟಾಗ ಅದು ಹಳದಿಯಾಗಿ ಹೊಳೆಯಿತು. 1920ರ ದಶಕದಲ್ಲಿ ರಷ್ಯದ ಒಲೆಗ್ ಲೋಸೆವ್ ಇದರ ಬೆನ್ನು ಹತ್ತಿದರು. ಈ ಬೆಳಕು ಬಿಸಿಯಿಂದ ಬಂದದ್ದಲ್ಲ ಎಂದು ತೋರಿಸಿದರು. ಅಂಥ ಮನುಷ್ಯ 1942ರಲ್ಲಿ, ಮುತ್ತಿಗೆಗೆ ಸಿಕ್ಕಿದ್ದ ಲೆನಿನ್‌ಗ್ರಾಡಿನಲ್ಲಿ ಹಸಿವಿನಿಂದ ಸತ್ತರು. ಅವರ ಹೆಸರು ನಮ್ಮ ಪಠ್ಯಗಳಲ್ಲಿ ಯಾಕಿಲ್ಲವೋ! ಕಣ್ಣಿಗೆ ಕಾಣುವ ಕೆಂಪು ಎಲ್‌ಇಡಿ ಮಾಡಿದವರು ನಿಕ್ ಹೋಲೋನ್ಯಾಕ್, 1962ರಲ್ಲಿ. ಪ್ರಖರ ನೀಲಿ ಬರಲು 1990ರ ದಶಕದವರೆಗೆ ಕಾಯಬೇಕಾಯಿತು. ಅದಕ್ಕಾಗಿ ಅಕಾಸಾಕಿ, ಅಮಾನೊ, ನಕಾಮುರಾ ಮೂವರಿಗೆ 2014ರ ನೊಬೆಲ್ ಬಂತು.

ಈಗ ನಮ್ಮ ತೋಟದ ಪಂಪ್‌ಹೌಸಿಗೆ ಬನ್ನಿ. ಬೋರ್‌ವೆಲ್ ಮೋಟಾರಿನ ಪ್ಯಾನೆಲ್ ಮೇಲೆ ಕೆಂಪು, ಹಳದಿ, ನೀಲಿ, ಮೂರು ದೀಪ. ಮೂರು ಫೇಸಿಗೆ ಒಂದೊಂದು. ಹಳೇ ಪ್ಯಾನೆಲ್ಲುಗಳಲ್ಲಿ ಬಣ್ಣದ ಟೋಪಿಯ ಕೆಳಗೆ ಮಾಮೂಲಿ ಬಲ್ಬು ಇರುತ್ತಿತ್ತು. ಬಣ್ಣ ಪ್ಲಾಸ್ಟಿಕ್ಕಿನದು ಎಂಬ ನಂಬಿಕೆ ಅಲ್ಲಿಂದಲೇ ಬಂದಿರಬೇಕು.

ಮೂರೂ ಉರಿದರೆ ಎಲ್ಲ ಸರಿ ಎಂದು ಬಟನ್ ಒತ್ತುವುದು ರೂಢಿ. ಆದರೆ ದೀಪಕ್ಕೆ ಗೊತ್ತಿರುವುದು ಒಂದೇ: ತನ್ನ ಎರಡು ತಂತಿಗಳ ನಡುವೆ ಉರಿಯಲು ಸಾಕಷ್ಟು ವೋಲ್ಟೇಜ್ ಇದೆ. ಅದು ಮೋಟಾರಿಗೂ ಸಾಕೇ ಎಂಬುದು ಅದಕ್ಕೆ ಗೊತ್ತಿಲ್ಲ. ಎರಡು ಫೇಸು ಅದಲುಬದಲಾದರೂ ಮೂರೂ ದೀಪ ಉರಿಯುತ್ತವೆ. ಮೋಟಾರ್ ಮಾತ್ರ ಉಲ್ಟಾ ತಿರುಗಿ ನೀರು ಕಡಿಮೆ ಎತ್ತುತ್ತದೆ.

ಇನ್ನೂ ಅಪಾಯದ್ದು ಬೇರೆ ಇದೆ. ಮೋಟಾರ್ ಓಡುತ್ತಿರುವಾಗ ಒಂದು ಫೇಸಿನ ಫ್ಯೂಸ್ ಹೋಯಿತು ಅನ್ನಿ. ಮೋಟಾರ್ ತಕ್ಷಣ ನಿಲ್ಲುವುದಿಲ್ಲ. ಉಳಿದೆರಡರ ಮೇಲೆ ಏದುಸಿರು ಬಿಡುತ್ತಾ ಓಡುತ್ತದೆ, ಕಾಯಿಲು ಕಾಯುತ್ತದೆ. ತಿರುಗುವ ರೋಟರ್, ಕರೆಂಟು ತಪ್ಪಿದ ಕಾಯಿಲಿನಲ್ಲೂ ವೋಲ್ಟೇಜ್ ಹುಟ್ಟಿಸುತ್ತದೆ. ಅದು ಹಿಂದಕ್ಕೆ ಬಂದು, ಆರಬೇಕಿದ್ದ ದೀಪವನ್ನು ಉರಿಸುತ್ತಲೇ ಇರಬಹುದು. ನೀವು ದೀಪ ನೋಡಿ ನೆಮ್ಮದಿಯಾಗಿರುತ್ತೀರಿ, ಒಳಗೆ ವೈಂಡಿಂಗ್ ಸುಡುತ್ತಿರುತ್ತದೆ. ಇದನ್ನು ಹಿಡಿಯಲೆಂದೇ ಸಿಂಗಲ್ ಫೇಸ್ ಪ್ರಿವೆಂಟರ್ ಇದೆ. ದಯವಿಟ್ಟು ಅದನ್ನು ಬೈಪಾಸ್ ಮಾಡಬೇಡಿ. ಹಾಗೆಯೇ ದೀಪ ಆರಿದೆ ಎಂದ ಮಾತ್ರಕ್ಕೆ ತಂತಿ ಮುಟ್ಟಬೇಡಿ. ಎಲ್‌ಇಡಿಯೇ ಕೆಟ್ಟಿರಬಹುದು. ಮೇನ್ ಸ್ವಿಚ್ ಇಳಿಸಿ, ಮೂರೂ ಫೇಸಿಗೆ ಮೀಟರ್ ಹಿಡಿದು ನೋಡಿ, ಆಮೇಲೆ ಕೈ ಹಾಕಿ.